ಚೀಟಿಯ ಮಿಕ್ಸಿ, ಅಡುಗೆಮನೆಯ ಮಿಕ್ಸಿ

ಕಳೆದ ವಾರ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಮಾರುಕಟ್ಟೆ ಸಮೀಕ್ಷೆ ನಡೆಸುವ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ಕಾಫಿಯಾದ ಮೇಲೆ ಹದಿನಾರು ಚೀಟಿಗಳನ್ನು ನನ್ನೆದುರು ಹರಡಿ, "ಇವನ್ನು ನಿಮಗೆ ಇಷ್ಟವಾಗುವ ಕ್ರಮದಲ್ಲಿ ಜೋಡಿಸಿ ಸಾರ್" ಎಂದ. ಒಂದೊಂದು ಚೀಟಿಯೂ ಒಂದೊಂದು ಕಲ್ಪನೆಯ ಮಿಕ್ಸಿ: ಇಷ್ಟು ವ್ಯಾಟು, ಇಷ್ಟು ಜಾರು, ಇಷ್ಟು ವರ್ಷದ ಗ್ಯಾರಂಟಿ, ಇಷ್ಟು ಬೆಲೆ. ನಾನು ಜೋಡಿಸಿದ ಕ್ರಮದಿಂದ ಒಂದೊಂದು ಗುಣಕ್ಕೂ ನನ್ನ ಮನಸ್ಸು ಕೊಡುವ ಅಂಕವನ್ನು ಬಿಡಿಸಿ ತೆಗೆದು, ಇನ್ನೂ ತಯಾರಾಗದ ಮಿಕ್ಸಿಯನ್ನು ನಾನು ಕೊಳ್ಳುವೆನೋ ಇಲ್ಲವೋ ಎಂದು ಹೇಳಬಹುದಂತೆ.

ಅಡುಗೆಮನೆಯಿಂದ ನನ್ನಾಕೆ, "ಮಿಕ್ಸಿ ಆರಿಸುವುದು ಅವರಲ್ಲಪ್ಪ, ನಾನು" ಎಂದಳು. ಅದಕ್ಕೆ ಅವನ ಬಳಿ ಚೀಟಿಯಿರಲಿಲ್ಲ.

ಇದು ಅವಿವೇಕಿಗಳು ಕಟ್ಟಿದ ವಿದ್ಯೆಯಲ್ಲ. ಜನರು ಬಯಸುವುದು ವಸ್ತುವನ್ನಲ್ಲ, ಅದರಲ್ಲಿರುವ ಗುಣಗಳನ್ನು ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಕೆಲ್ವಿನ್ ಲ್ಯಾಂಕಾಸ್ಟರ್ 1966ರಲ್ಲಿ ಮಂಡಿಸಿದರು. 1971ರಲ್ಲಿ ಪಾಲ್ ಗ್ರೀನ್ ಮತ್ತು ವಿಠಲ ರಾವ್ ಎಂಬ ವಿದ್ವಾಂಸರು ಈ ಚೀಟಿಯಾಟದ ಗಣಿತವನ್ನು ಮಾರುಕಟ್ಟೆಯ ಅಧ್ಯಯನಕ್ಕೆ ತಂದರು. ಕಾಂಜಾಯಿಂಟ್ ಅನಾಲಿಸಿಸ್ ಎಂದು ಅದರ ಹೆಸರು. ಇರುವ ಸಾಬೂನಿನ ಬೆಲೆಯನ್ನು ಎರಡು ರೂಪಾಯಿ ಏರಿಸಬಹುದೇ ಎಂಬಂತಹ ಪ್ರಶ್ನೆಗಳಿಗೆ ಅದು ಉಪಯುಕ್ತವೆಂದು ಒಪ್ಪುತ್ತೇನೆ. ಗುಣಗಳ ಮೊತ್ತವೇ ವಸ್ತು, ಚೀಟಿ ಜೋಡಿಸುವ ಕೈಯೇ ಹಣ ಎಣಿಸುವ ಕೈ ಎಂಬ ಭ್ರಮೆಯನ್ನು ಮಾತ್ರ ಒಪ್ಪಲಾರೆ.

ಟಾಟಾ ನ್ಯಾನೋ ನಿಮಗೆ ನೆನಪಿರಬೇಕು. ಅದನ್ನು ಚೀಟಿ ಹರಡಿ ನಿರ್ಧರಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಗುಣಗಳನ್ನು ಕೂಡಿಸಿ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಒಂದೇ ಸ್ಕೂಟರಿನ ಮೇಲೆ ಇಡೀ ಸಂಸಾರ ಹೋಗುವುದನ್ನು ಕಂಡು ರತನ್ ಟಾಟಾ ಆ ಕಾರನ್ನು ಕಲ್ಪಿಸಿದರು. ನಾಲ್ಕು ಚಕ್ರ, ತಲೆಯ ಮೇಲೆ ಸೂರು, ನಾಲ್ವರಿಗೆ ಸ್ಥಳ. 2008ರ ಜನವರಿಯಲ್ಲಿ ಸಾರಿದ ಬೆಲೆ ಒಂದು ಲಕ್ಷ. ಯಾವ ಲೆಕ್ಕದಲ್ಲಿಯೂ ಸ್ಕೂಟರು ಸೋಲಲೇಬೇಕು. 2009ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಆಯಿತು. 2018ರ ಜೂನ್ ತಿಂಗಳಲ್ಲಿ ತಯಾರಾದದ್ದು ಒಂದೇ ಒಂದು ಕಾರು!

ಸಿಂಗೂರಿನ ಗಲಭೆಯಿಂದಾದ ವಿಳಂಬ, ಕೆಲವು ಕಾರುಗಳಿಗೆ ಬೆಂಕಿ ತಗುಲಿದ ಸುದ್ದಿ, ಏರಿದ ಬೆಲೆ, ಎಲ್ಲವೂ ಕಾರಣಗಳೇ. ಆದರೆ ಅತ್ಯಂತ ಅಗ್ಗದ ಕಾರೆಂದು ಹೆಸರಾದದ್ದೇ ಹೊಡೆತವಾಯಿತೆಂದು ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ನನ್ನ ಷಡ್ಡಕರೊಬ್ಬರು (ಓದುತ್ತಿದ್ದರೆ ಕ್ಷಮಿಸಲಿ) ಅದನ್ನು ನೋಡಿ, ಕೂತು, ಹೊಗಳಿ, ಕೊನೆಗೆ ಸಾಲ ಮಾಡಿ ಹಳೆಯ ಮಾರುತಿ ತಂದರು. "ಬೀಗರ ಮನೆಯ ಮುಂದೆ ನಿಲ್ಲಿಸಬೇಕಲ್ಲ" ಎಂಬುದು ಅವರ ಸಮಜಾಯಿಷಿ. ಚೀಟಿಯಲ್ಲಿ ಅಗ್ಗವೆಂಬುದಕ್ಕೆ ಅಂಕ ಕೂಡುತ್ತದೆ. ಬೀಗರ ಮನೆಯ ಮುಂದೆ ಅದೇ ಅಂಕ ಕಳೆಯುತ್ತದೆ.

"ಹಾಗಾದರೆ ಮರ್ಯಾದೆಯನ್ನೂ ಒಂದು ಗುಣವಾಗಿ ಸೇರಿಸೋಣ ಸಾರ್" ಎಂದ ಶಿಷ್ಯ. ಸೇರಿಸಲಿ. ಆದರೆ ಪಟ್ಟಿ ಬರೆಯುವವನು ಕೊಳ್ಳುವವನಲ್ಲ, ಕೇಳುವವನು. ಅವನಿಗೆ ಹೊಳೆಯದ ಗುಣಕ್ಕೆ ಸೊನ್ನೆ ಅಂಕವೂ ಇಲ್ಲ. ಅದು ಇಲ್ಲವೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕೇಳದ್ದನ್ನು ನೀವು ಅರಿತೇ ಇಲ್ಲವೆಂದು ನಾನೂ ಮೂವತ್ತೈದು ವರ್ಷ ಅಂಕ ಹಾಕಿದವನೇ. ಅದರ ವಿಷಾದ ನನಗೆ ಈಗಲೂ ಇದೆ. ಇಂತಹ ಕಂಪನಿಗಳಲ್ಲಿ ದುಡಿಯುತ್ತಿರುವ ನಿಮ್ಮಲ್ಲಿ ಹಲವರು, ವರದಿ ಬರೆಯುವ ಮುನ್ನ ಯಾರನ್ನು ಕೇಳಿದಿರಿ, ಯಾರನ್ನು ಕೇಳಲಿಲ್ಲ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆಯಿರಿ.

ಅಂದಹಾಗೆ, ನಾನು ಮೊದಲ ಸ್ಥಾನ ಕೊಟ್ಟದ್ದು ಏಳುನೂರೈವತ್ತು ವ್ಯಾಟಿನ, ನಾಲ್ಕು ಜಾರುಗಳ ಮಿಕ್ಸಿಗೆ. ಮರುದಿನ ನನ್ನಾಕೆಯ ಅಪ್ಪಣೆಯಂತೆ ಹಳೆಯ ಮಿಕ್ಸಿಯ ಜಾರನ್ನು ಪೇಟೆಗೆ ಒಯ್ದು ಬ್ಲೇಡು ಬದಲಾಯಿಸಿಕೊಂಡು ಬಂದೆ.