ಕೈಗೆ ತಕ್ಕ ಕೀಲಿಮಣೆ

ಉಪಕರಣವು ಕೈಗೆ ಹೊಂದತಕ್ಕದ್ದು. ಕೈಯು ಉಪಕರಣಕ್ಕೆ ಹೊಂದಬೇಕಾಗಿ ಬಂದರೆ ಅಲ್ಲಿ ನೋವು ತಪ್ಪದು. ಪುತ್ತೂರು, ಸುಳ್ಯ, ಕಡಬಗಳ ಗೃಹಸ್ಥರಿಗೆ ಈ ಮಾತನ್ನು ಹೊಸತಾಗಿ ಬೋಧಿಸಬೇಕಾದುದಿಲ್ಲ. ಅಡಿಕೆ ಸುಲಿಯುವವನು ತಾನು ಕುಳಿತ ಎತ್ತರಕ್ಕೆ ಸರಿಯಾಗಿ ಕತ್ತಿಯನ್ನು ನಿಲ್ಲಿಸಿಕೊಳ್ಳುತ್ತಾನೆ. ತೋಟದ ಕತ್ತಿಯ ಹಿಡಿ ದಪ್ಪವೆನಿಸಿದರೆ ಆಚಾರಿಗೆ ಹೇಳಿ ಕೆತ್ತಿಸುತ್ತಾನೆ. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯ ಪುಟಗಳನ್ನು ತಿರುವಿದವರು, ಕೃಷಿಕರು ತಮ್ಮ ಕೈಯಿಂದಲೇ ಮಾಡಿಕೊಂಡ ಸಲಕರಣೆಗಳ ವೃತ್ತಾಂತವನ್ನು ಓದಿಯೇ ಇರುವರು. ಹೀಗಿದ್ದೂ, ನಮ್ಮ ಮನೆಮಕ್ಕಳ ಬೆರಳುಗಳು ದಿನಕ್ಕೆ ಎಂಟು ಗಂಟೆ ಆಡುವ ಗಣಕಯಂತ್ರದ ಕೀಲಿಮಣೆಯೊಂದನ್ನು ಮಾತ್ರ, ಅಂಗಡಿಯವನು ಕೊಟ್ಟುದೇ ಪ್ರಸಾದವೆಂದು ಸ್ವೀಕರಿಸಿಬಿಟ್ಟಿದ್ದೇವೆ. ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತು.

ಮೊದಲು ಈ ಮಣೆಯ ವಂಶಾವಳಿಯನ್ನು ನೋಡೋಣ. 1870ರ ದಶಕದಲ್ಲಿ ಅಮೇರಿಕಾದಲ್ಲಿ ಶೋಲ್ಸ್ ಎಂಬವನ ಬೆರಳಚ್ಚು ಯಂತ್ರವು ಮಾರಾಟಕ್ಕೆ ಬಂದಿತು. ಅದರಲ್ಲಿ ಪ್ರತಿಯೊಂದು ಕೀಲಿಗೂ ಒಂದು ಕಬ್ಬಿಣದ ಸನ್ನೆ. ಆ ಸನ್ನೆಗಳು ಒಂದಕ್ಕೊಂದು ತಾಗದೆ ಹಾದುಹೋಗಬೇಕಾಗಿದ್ದುದರಿಂದ ಕೀಲಿಗಳ ಸಾಲುಗಳನ್ನು ಸ್ವಲ್ಪ ಸ್ವಲ್ಪ ಓರೆಯಾಗಿ ಸರಿಸಿ ಕೂರಿಸಿದರು. ಇಂದು ಸನ್ನೆಯೂ ಇಲ್ಲ, ಕಬ್ಬಿಣವೂ ಇಲ್ಲ. ಓರೆ ಮಾತ್ರ ಉಳಿದಿದೆ. ಗತಾನುಗತಿಕ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಕ್ಕದು.

ಈ ಏರ್ಪಾಟಿನಲ್ಲಿ ಮುಖ್ಯವಾಗಿ ಮೂರು ದೋಷಗಳುಂಟು. ಎರಡು ಕೈಗಳನ್ನೂ ಎದೆಯ ಮುಂದೆ ಒಂದೆಡೆಗೆ ತಂದು, ಮಣಿಕಟ್ಟನ್ನು ಕನಿಷ್ಠಿಕೆಯ ಕಡೆಗೆ ಬಗ್ಗಿಸಿ ಇಡಬೇಕಾಗುವುದು ಮೊದಲನೆಯದು. ಅಂಗೈಯನ್ನು ಪೂರಾ ಕೆಳಮುಖವಾಗಿ ತಿರುಚಿ ಹಿಡಿಯಬೇಕಾಗುವುದು ಎರಡನೆಯದು. ಮೂರನೆಯದು ಕೆಲಸದ ಹಂಚಿಕೆಯಲ್ಲಿನ ಅನ್ಯಾಯ: ಬಲಿಷ್ಠವಾದ ಎರಡು ಹೆಬ್ಬೆರಳುಗಳಿಗೂ ಕೂಡಿ ಒಂದೇ ಒಂದು ಖಾಲಿಜಾಗದ ಕೀಲಿ, ಬಡಪಾಯಿ ಕಿರುಬೆರಳಿಗೆ ಶಿಫ್ಟು, ಎಂಟರು, ಅಳಿಸುವ ಕೀಲಿ ಮುಂತಾದ ಸಮಸ್ತ ಹೊರೆ. ಮನೆಯಲ್ಲಿ ಹಿರಿಯ ಮಗನು ಜಗಲಿಯಲ್ಲಿ ಕುಳಿತು, ಕಿರಿಯ ಸೊಸೆಯೇ ನೀರು, ಸೌದೆ, ಸಗಣಿಗಳನ್ನೆಲ್ಲ ಹೊತ್ತಂತೆ.

ಮಣೆಯನ್ನು ಎರಡು ಹೋಳು ಮಾಡಿ, ಎರಡನ್ನೂ ಹೆಗಲಿನಷ್ಟು ಅಂತರದಲ್ಲಿ ಇರಿಸಬೇಕೆಂಬ ಯೋಚನೆಯು ಹೊಸದಲ್ಲ. ಜರ್ಮನಿಯ ಕ್ಲೋಕೆನ್‌ಬರ್ಗ್ ಎಂಬ ವಿದ್ವಾಂಸನು 1926ರಲ್ಲಿಯೇ ಇದನ್ನು ಸೂಚಿಸಿದ್ದನು. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಲಿಲಿಯನ್ ಮಾಲ್ಟ್ ಎಂಬ ಬೆರಳಚ್ಚು ಶಿಕ್ಷಕಿಯು ಒಬ್ಬ ಯಂತ್ರಶಿಲ್ಪಿಯೊಡಗೂಡಿ ‘ಮಾಲ್ಟ್ರಾನ್’ ಎಂಬ ಮಣೆಯನ್ನು ಮಾಡಿಸಿದಳು. ಹೆಬ್ಬೆರಳಿಗೆ ಹಲವು ಕೀಲಿಗಳನ್ನು ಕೊಟ್ಟುದು ಅದರ ವಿಶೇಷ. 2011ರ ಸುಮಾರಿಗೆ ‘ಎರ್ಗೋಡಾಕ್ಸ್’ ಎಂಬ ಮಾದರಿಯ ನಕ್ಷೆಗಳನ್ನು ಅದರ ರಚಯಿತನು ಎಲ್ಲರಿಗೂ ತೆರೆದಿಟ್ಟ ಮೇಲೆ, ಮನೆಯಲ್ಲಿ ಕುಳಿತು ಇಂತಹ ಮಣೆಯನ್ನು ಕಟ್ಟುವ ವಿದ್ಯೆಯು ಲೋಕವ್ಯಾಪಿಯಾಯಿತು. ಜಪಾನಿನವರು ರಚಿಸಿದ 42 ಕೀಲಿಗಳ ‘ಕಾರ್ನೆ’, 58 ಕೀಲಿಗಳ ‘ಲಿಲಿ’ ಎಂಬ ಮಾದರಿಗಳ ನಕ್ಷೆಗಳೂ ಹೀಗೆಯೇ ಸರ್ವರಿಗೂ ಉಚಿತವಾಗಿ ದೊರೆಯುತ್ತವೆ.

ಇದರಲ್ಲಿ ನನಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ತಿಗಳಾರಿ ಲಿಪಿಯ ತಾಳೆಯೋಲೆಗಳ ಒಂದು ಪೆಟ್ಟಿಗೆಯುಂಟು. ಈ ಸೀಮೆಯ ಅನೇಕ ಹಳೆಯ ಮನೆಗಳಲ್ಲಿ ಅಂತಹವು ಇರುವವು. ಅದನ್ನು ಓದಬಲ್ಲವನು ಮನೆಯಲ್ಲಿ ಈಗ ನಾನೊಬ್ಬನೇ. ವಿಶ್ರಾಂತಿ ಪಡೆದಂದಿನಿಂದ ದಿನಕ್ಕೊಂದೆರಡು ಓಲೆಯಂತೆ ಕನ್ನಡ ಲಿಪಿಗೆ ಇಳಿಸಿ ಗಣಕದಲ್ಲಿ ಬರೆದಿಡುತ್ತ ಬಂದೆನು. ಮೂರನೆಯ ವರ್ಷ ಮಣಿಕಟ್ಟಿನಲ್ಲಿ ನೋವು ತೊಡಗಿತು; ರಾತ್ರಿ ಬೆರಳುಗಳು ಜುಮ್ಮೆನ್ನತೊಡಗಿದವು. ವೈದ್ಯರು ಮಣಿಕಟ್ಟನ್ನು ನೆಟ್ಟಗಿಡಬೇಕು, ಹೊತ್ತುಹೊತ್ತಿಗೆ ಕೈಗೆ ವಿರಾಮ ಕೊಡಬೇಕು ಎಂದರು. ಓಲೆಗಳಿಗೆ ಹುಳದ ಭಯ, ಕೈಗೆ ವಯಸ್ಸಿನ ಭಯ. ಕೆಲಸವನ್ನು ನಿಲ್ಲಿಸುವಂತಿಲ್ಲ, ಹಳೆಯ ರೀತಿಯಲ್ಲಿ ಮುಂದುವರಿಸುವಂತೆಯೂ ಇಲ್ಲ. ಆದಕಾರಣ ಕಳೆದ ಮಳೆಗಾಲದಲ್ಲಿ, ವಿದ್ಯುನ್ಮಾನಶಾಸ್ತ್ರವನ್ನು ಓದುತ್ತಿರುವ ತಮ್ಮನ ಮಗನೂ ನಾನೂ ಸೇರಿ 42 ಕೀಲಿಗಳ ಒಂದು ಮಣೆಯನ್ನು ಕಟ್ಟಿದೆವು.

ಈ ಮಣೆಯು ಕನ್ನಡಕ್ಕೆ ಹೊಂದೀತೇ ಎಂಬುದು ಮುಖ್ಯ ಪ್ರಶ್ನೆ. ಕೀಲಿಮಣೆಯು ಗಣಕಕ್ಕೆ ಅಕ್ಷರಗಳನ್ನು ಕಳುಹಿಸುವುದಿಲ್ಲ. ಇಂತಹ ಸ್ಥಾನದ ಕೀಲಿಯನ್ನು ಒತ್ತಿದರೆಂಬ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. ಆ ಸಂಖ್ಯೆಗೆ ಕಕಾರವೋ ಚಕಾರವೋ ಎಂದು ನಿರ್ಣಯಿಸುವುದು ಗಣಕದೊಳಗಿನ ವಿನ್ಯಾಸ. ಕನ್ನಡಕ್ಕೆ ಬಳಕೆಯಲ್ಲಿರುವ ವಿನ್ಯಾಸಗಳಲ್ಲಿ ಎರಡು ಮುಖ್ಯವಾದವು. ಒಂದು, ಭಾರತ ಸರಕಾರದ ‘ಇನ್‌ಸ್ಕ್ರಿಪ್ಟ್’. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳಲ್ಲಿ ಬಹುಪಾಲು ಬಲಗೈಗೆ. ಇನ್ನೊಂದು, ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರದು. ಕರ್ನಾಟಕ ಸರಕಾರವು ಅಂಗೀಕರಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸವು ಇದೇ. ರಾಯರು ತಮ್ಮ ಕನ್ನಡ ತಂತ್ರಾಂಶಕ್ಕೆ ಈ ಸೀಮೆಯ ಛಂದಶ್ಶಾಸ್ತ್ರಜ್ಞರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಇಟ್ಟುದು ನಮಗೆ ಅಭಿಮಾನದ ಸಂಗತಿ.

ರಾಯರ ವಿನ್ಯಾಸದ ಗುಣವೇನೆಂದರೆ, ಇಂಗ್ಲಿಷಿನ 26 ಕೀಲಿಗಳೊಳಗೆಯೇ ಕನ್ನಡ ವರ್ಣಮಾಲೆಯು ಅಡಗಿದೆ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟಿನೊಡನೆ ಅದೇ ಕೀಲಿ. ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಶಿಫ್ಟು. ವ್ಯಂಜನಗಳನ್ನು ಕೂಡಿಸುವ ಹಲಂತದ ಕೀಲಿಯು ಎಡಗೈಯ ತರ್ಜನಿಯು ಸಹಜವಾಗಿ ವಿಶ್ರಮಿಸುವ ಸ್ಥಾನದಲ್ಲಿ, ಇಂಗ್ಲಿಷಿನ ಎಫ್ ಅಕ್ಷರದ ಮೇಲೆ, ಕುಳಿತಿದೆ. ‘ಲಕ್ಷ್ಮೀ’ ಎಂದು ಬರೆಯಲು ಏಳು ಒತ್ತು. ಅದರಲ್ಲಿ ಎರಡು ಹಲಂತದವು. ‘ಶ್ರೀ’ ಎಂದು ಬರೆಯಲು ನಾಲ್ಕು ಒತ್ತು. ಆದರೆ ಅವುಗಳಲ್ಲಿ ಶಕಾರಕ್ಕೊಂದು, ಈಕಾರಕ್ಕೊಂದು ಎಂದು ಎರಡು ಸಲ ಶಿಫ್ಟು ಬೇಕು. ಸಂಸ್ಕೃತ ಗ್ರಂಥಗಳಲ್ಲಿ ಮಹಾಪ್ರಾಣಗಳೂ ದೀರ್ಘಗಳೂ ಹೆಜ್ಜೆಹೆಜ್ಜೆಗೂ ಬರುವುದರಿಂದ, ಇಡೀ ದಿನದ ಶ್ರಮವು ಕಿರುಬೆರಳಿನ ಮೇಲೆಯೇ ಬೀಳುತ್ತದೆ. ನನ್ನ ಕೈ ಸೋತುದು ಅಲ್ಲಿಯೇ.

ಹೋಳು ಮಣೆಯು ಇದನ್ನು ಪರಿಹರಿಸುವ ಕ್ರಮವು ಸರಳ. ಕಾರ್ನೆಯಲ್ಲಿ ಪ್ರತಿ ಹೆಬ್ಬೆರಳಿಗೂ ಮೂರು ಮೂರು ಕೀಲಿಗಳಿವೆ. ಅವುಗಳಲ್ಲಿ ಒಂದನ್ನು ಶಿಫ್ಟಿಗೆ ಮೀಸಲಿಟ್ಟೆವು. ಅದನ್ನು ಅದುಮಿ ಹಿಡಿಯಬೇಕಾದುದೂ ಇಲ್ಲ. ಒಮ್ಮೆ ಮುಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅದು ಅನ್ವಯಿಸುವಂತೆ ಏರ್ಪಡಿಸಬಹುದು. ಹೆಬ್ಬೆರಳು ಮುಟ್ಟಿದೊಡನೆ ದಕಾರವು ಧಕಾರವಾಗುತ್ತದೆ. ಇನ್‌ಸ್ಕ್ರಿಪ್ಟನ್ನು ಬಲ್ಲವರು 58 ಕೀಲಿಗಳ ಮಾದರಿಯನ್ನು ಆರಿಸಿಕೊಳ್ಳುವುದು ಲೇಸು. ಆ ವಿನ್ಯಾಸದಲ್ಲಿ ಡಕಾರವೇ ಮೊದಲಾದ ಕೆಲವು ವರ್ಣಗಳು ಇಂಗ್ಲಿಷಿನ 26 ಕೀಲಿಗಳ ಹೊರಗೆ ಕುಳಿತಿವೆ.

ಇನ್ನು ನಿರ್ಮಾಣಕ್ರಮ. ಬೇಕಾದ ಸಾಮಗ್ರಿ: 42 ಯಾಂತ್ರಿಕ ಸ್ವಿಚ್ಚುಗಳು, ಅಷ್ಟೇ ಟೋಪಿಗಳು, ಅಷ್ಟೇ 1ಎನ್4148 ಡಯೋಡುಗಳು, ಹೋಳಿಗೊಂದರಂತೆ ಎರಡು ಮೈಕ್ರೋಕಂಟ್ರೋಲರುಗಳು, ಎರಡು ಹೋಳುಗಳನ್ನೂ ಜೋಡಿಸುವ ಒಂದು ತಂತಿ, ತಗಡು, ಬೆಸುಗೆಯ ಸಾಮಾನು. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಡಯೋಡು, ತಂತಿ ಮುಂತಾದ ಸಾಮಾನ್ಯ ವಸ್ತುಗಳು ಸಿಕ್ಕುತ್ತವೆ. ಉಳಿದುವನ್ನು ಅಂಚೆಯಲ್ಲಿ ತರಿಸಬಹುದು. ಸಾಧಾರಣವಾದ ಯಾಂತ್ರಿಕ ಸ್ವಿಚ್ಚು ಸುಮಾರು 4 ಮಿಲಿಮೀಟರು ಕೆಳಗಿಳಿಯುವುದು, ಆದರೆ 2 ಮಿಲಿಮೀಟರು ಇಳಿಯುವಾಗಲೇ ಅಕ್ಷರವು ದಾಖಲಾಗುವುದು; ಆದ್ದರಿಂದ ತಳಕ್ಕೆ ಬಡಿಯದೆ ಹಗುರವಾಗಿ ಬರೆಯುವ ಅಭ್ಯಾಸಕ್ಕೆ ಅವಕಾಶವುಂಟು. ಇವುಗಳಲ್ಲಿ ಟಿಕ್ಕೆನ್ನುವವು, ಮೆಲ್ಲಗೆ ತಡೆಯುವವು, ಸದ್ದಿಲ್ಲದೆ ಜಾರುವವು ಎಂದು ಮೂರು ಜಾತಿ. ಮಗು ಮಲಗುವ ಮನೆಯವರು ಮೊದಲನೆಯದನ್ನು ಕೊಳ್ಳದಿರುವುದು ಗೃಹಶಾಂತಿಗೆ ಕ್ಷೇಮ.

1.5 ಮಿಲಿಮೀಟರು ದಪ್ಪದ ತಗಡಿನಲ್ಲಿಯೋ ಪ್ಲಾಸ್ಟಿಕ್ ಹಲಗೆಯಲ್ಲಿಯೋ 14 ಮಿಲಿಮೀಟರಿನ ಚೌಕ ರಂಧ್ರಗಳನ್ನು ಕೊರೆಯಿಸಬೇಕು. ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 19 ಮಿಲಿಮೀಟರು. ಕಂಬಸಾಲುಗಳನ್ನು ಬೆರಳಿನ ಉದ್ದಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿಸುವುದೇ ಈ ಮಣೆಯ ಜೀವಾಳ; ಮಧ್ಯಮೆಯ ಸಾಲು ಎಲ್ಲಕ್ಕಿಂತ ಮುಂದೆ, ಕನಿಷ್ಠಿಕೆಯದು ಎಲ್ಲಕ್ಕಿಂತ ಹಿಂದೆ. ಕೆಳಗಿನ ಪೆಟ್ಟಿಗೆಯನ್ನು ನಮ್ಮ ಆಚಾರಿಯು ಹಲಸಿನ ಮರದಲ್ಲಿ ಮಾಡಿಕೊಟ್ಟನು. ಹೆಬ್ಬೆರಳಿನ ಬದಿಯು ತುಸು ಎತ್ತರವಾಗಿರುವಂತೆ ಓರೆಮಾಡಿದರೆ ಅಂಗೈಯ ತಿರುಚು ಕಡಿಮೆಯಾಗುವುದು.

ತಂತಿಯ ಜೋಡಣೆಯನ್ನು ಅಡಿಕೆ ತೋಟದ ದೃಷ್ಟಾಂತದಿಂದ ತಿಳಿಯಬಹುದು. ತೋಟದಲ್ಲಿ ಒಂದು ಮರವನ್ನು ಗುರುತಿಸಲು ಪ್ರತಿ ಮರಕ್ಕೂ ಹೆಸರಿಡಬೇಕಾದುದಿಲ್ಲ. ಮೂರನೆಯ ಸಾಲಿನ ಐದನೆಯ ಮರವೆಂದರೆ ಸಾಕು. ಹಾಗೆಯೇ ಒಂದು ಹೋಳಿನ 21 ಕೀಲಿಗಳಿಗೆ 21 ತಂತಿಗಳ ಬದಲು, ಅಡ್ಡಕ್ಕೆ 4, ಉದ್ದಕ್ಕೆ 6, ಒಟ್ಟು 10 ತಂತಿಗಳು ಸಾಕಾಗುತ್ತವೆ. ಆದರೆ ಚೌಕದ ಮೂರು ಮೂಲೆಗಳ ಕೀಲಿಗಳನ್ನು ಒಮ್ಮೆಗೇ ಒತ್ತಿದಾಗ, ವಿದ್ಯುತ್ತು ಹಿಂದುಮುಂದಾಗಿ ಹರಿದು, ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಇದನ್ನು ತಡೆಯಲು ಕೀಲಿಗೊಂದು ಡಯೋಡು. ಪಂಪಿನ ಫುಟ್‌ವಾಲ್ವು ನೀರನ್ನು ಹಿಂದಕ್ಕೆ ಬಿಡದಂತೆ, ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. “ದೊಡ್ಡಪ್ಪಾ, ಕಪ್ಪು ಗೆರೆ ಎಲ್ಲದಕ್ಕೂ ಒಂದೇ ಬದಿಗೆ ಇರಲಿ” ಎಂದು ಹುಡುಗನು ನನಗೆ ಹೇಳುತ್ತಲೇ ಇದ್ದನು. ಆ ಒಂದು ಮಾತಿನಲ್ಲಿ ಈ ಭಾಗದ ಶಾಸ್ತ್ರವೆಲ್ಲ ಅಡಗಿದೆ. ಬೆಸುಗೆಯು ಮುಗಿದ ಮೇಲೆ ಪ್ರತಿ ಸಂಧಿಯನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸಿ, ‘ಕ್ಯೂಎಂಕೆ’ ಎಂಬ ಉಚಿತ ತಂತ್ರಾಂಶವನ್ನು ಮೈಕ್ರೋಕಂಟ್ರೋಲರಿಗೆ ತುಂಬಿಸಿದರೆ ಮಣೆಗೆ ಪ್ರಾಣಪ್ರತಿಷ್ಠೆಯಾದಂತೆ. ಯಾವ ಕೀಲಿಯು ಏನನ್ನು ಮಾಡಬೇಕೆಂಬುದನ್ನು ಅದರಲ್ಲಿ ನಾವೇ ಬರೆಯಬಹುದು. ಅಂಕಿಗಳನ್ನು ಪ್ರತ್ಯೇಕ ಕೀಲಿಗಳಿಲ್ಲದೆ, ಹೆಬ್ಬೆರಳಿನ ಇನ್ನೊಂದು ಕೀಲಿಯನ್ನು ಹಿಡಿದಾಗ ಮಾತ್ರ ಕಾಣುವ ಎರಡನೆಯ ಪದರದಲ್ಲಿ ಇಡುತ್ತಾರೆ.

ಮನೆಯವರು ಗಮನಿಸತಕ್ಕ ಎಚ್ಚರಿಕೆಗಳು ಕೆಲವುಂಟು. ಬೆಸುಗೆಯ ಕೆಲಸವನ್ನು ಗಾಳಿಯಾಡುವ ಜಗಲಿಯಲ್ಲಿ ಮಾಡಬೇಕು. ಸೀಸದ ಬೆಸುಗೆಯಾದರೆ ಊಟಕ್ಕೆ ಮುಂಚೆ ಕೈಯನ್ನು ಸಾಬೂನಿನಿಂದ ತೊಳೆಯಲೇಬೇಕು. ಚಿಕ್ಕ ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು. ಎರಡು ಹೋಳುಗಳ ನಡುವಣ ತಂತಿಯನ್ನು ವಿದ್ಯುತ್ತು ಹರಿಯುತ್ತಿರುವಾಗ ಕೀಳಬಾರದು, ಚುಚ್ಚಲೂಬಾರದು. ಮೊದಲು ಗಣಕದ ಕಡೆಯ ತಂತಿಯನ್ನು ಕಳಚತಕ್ಕದ್ದು. ಇಲ್ಲವಾದರೆ ಒಳಗಿನ ಚಿಪ್ಪು ಸುಟ್ಟೀತು. ನಮ್ಮ ಮಳೆಗಾಲದ ತೇವಕ್ಕೆ ತಾಮ್ರವು ಕಿಲುಬುಗಟ್ಟುವುದರಿಂದ ಬೆಸುಗೆಯ ರಾಳವನ್ನು ಒರಸಿ ತೆಗೆದು, ಉಪಯೋಗಿಸದಿರುವಾಗ ಮಣೆಯನ್ನು ಮುಚ್ಚಳದ ಡಬ್ಬಿಯಲ್ಲಿ ಇರಿಸಬೇಕು. ಸಿಡಿಲಿನ ವೇಳೆ ಗಣಕದ ವಿದ್ಯುತ್ ಸಂಪರ್ಕವನ್ನೇ ತೆಗೆದಿಡುವುದು ಎಲ್ಲರೂ ಬಲ್ಲ ವಿಷಯ.

ಫಲವೇನು? ಉತ್ಪ್ರೇಕ್ಷೆಯನ್ನು ನಾನು ಮಾಡಲಾರೆ. ಈ ಮಣೆಯು ಮಣಿಕಟ್ಟನ್ನು ನೆಟ್ಟಗಿಡಲು ಸಹಾಯ ಮಾಡುತ್ತದೆ. ರೋಗವನ್ನು ವಾಸಿಮಾಡುವ ಔಷಧಿ ಇದಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಕಾಣಿಸಿದರೆ ಮೊದಲು ವೈದ್ಯರಲ್ಲಿಗೆ ಹೋಗತಕ್ಕದ್ದು, ಮಣೆಯ ಮಾತು ಆಮೇಲೆ. ಹೊಸ ಮಣೆಯಲ್ಲಿ ಮೊದಲ ಕೆಲವು ವಾರ ವೇಗವು ಕುಗ್ಗಿ, ಅಕ್ಷರಾಭ್ಯಾಸವನ್ನು ಎರಡನೆಯ ಸಲ ಮಾಡಿದಂತೆ ಆಗುವುದು. ಒಂದು ದಿನಕ್ಕೆ ಎರಡು ಓಲೆ ಬರೆಯುತ್ತಿದ್ದವನು ಮೊದಲ ವಾರ ಅರ್ಧ ಓಲೆಗೆ ಇಳಿದೆನು. ನಾಲ್ಕು ತಿಂಗಳ ಮೇಲೆ ಈಗ ದಿನಕ್ಕೆ ಒಂದೂವರೆ. ಆದರೆ ಪ್ರತಿದಿನವೂ ಬರೆಯುತ್ತೇನೆ, ರಾತ್ರಿ ನಿದ್ದೆಯೂ ಬರುತ್ತದೆ. ವೇಗಕ್ಕಿಂತ ನೈರಂತರ್ಯವು ಮೇಲೆಂಬುದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನಿಗೆ ಅದು ಸಾಕು.

2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನವು ದೊರೆಯಿತು. ಓಲೆಗಳ ಪಾಠವನ್ನು ಅವುಗಳ ಸ್ವಂತ ಲಿಪಿಯಲ್ಲಿಯೇ ಗಣಕದಲ್ಲಿ ಉಳಿಸುವ ದಾರಿಯು ಇದರಿಂದ ತೆರೆದಂತಾಯಿತು. ಆದರೆ ದಾರಿಯಿದ್ದರೆ ಸಾಲದು, ನಡೆಯುವವರು ಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಓಲೆಯ ಕಟ್ಟಿದ್ದರೆ, ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ, ಸುಳ್ಯದಲ್ಲಿಯೋ ಪುತ್ತೂರಿನಲ್ಲಿಯೋ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ, ಈ ಮೂವರನ್ನೂ ಒಂದು ಮಳೆಗಾಲ ಜಗಲಿಯಲ್ಲಿ ಒಟ್ಟಿಗೆ ಕೂರಿಸಿರಿ. ಹಿರಿಯರ ಕೈಯ ಅಳತೆಯನ್ನು ಕಿರಿಯರು ತೆಗೆಯಲಿ, ಕಿರಿಯರಿಗೆ ಲಿಪಿಯನ್ನು ಹಿರಿಯರು ಕಲಿಸಲಿ. ನಮ್ಮ ಹುಡುಗನು ಮಣೆಯನ್ನು ಕಟ್ಟುತ್ತ ಕಟ್ಟುತ್ತ ತಿಗಳಾರಿಯ ಸ್ವರಗಳನ್ನು ಗುರುತಿಸಲು ಕಲಿತಿರುವನು. ವ್ಯಂಜನಗಳು ಮುಂದಿನ ರಜೆಗೆ.