ಕಲಿಸದವರಿಗೆ ಪರೀಕ್ಷಿಸುವ ಹಕ್ಕೆಲ್ಲಿದೆ?

ಹೊರನಾಡ ಕನ್ನಡಿಗರ ಸಭೆಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: “ಜರ್ಮನಿಯನ್ನು ನೋಡಿ. ಅಲ್ಲಿ ನೆಲೆಸಬೇಕಾದರೆ ಜರ್ಮನ್ ಪರೀಕ್ಷೆ ಪಾಸಾಗಲೇಬೇಕು. ಬೆಂಗಳೂರಿಗೆ ಬರುವವರಿಗೂ ಅಂಥದೇ ಒಂದು ಕನ್ನಡ ಪರೀಕ್ಷೆ ಇರಬೇಕು.” ಈ ಮಾತಿಗೆ ಚಪ್ಪಾಳೆ ಖಚಿತ. ಆಡುವವರ ಭಾಷಾಭಿಮಾನದ ಬಗ್ಗೆ ನನಗೆ ಸಂದೇಹವಿಲ್ಲ. ಅವರು ಜರ್ಮನಿಯನ್ನು ಅರ್ಧ ಮಾತ್ರ ನೋಡಿದ್ದಾರೆ ಎಂಬುದೇ ನನ್ನ ತಕರಾರು. ಅಲ್ಲಿನ ವ್ಯವಸ್ಥೆಯಲ್ಲಿ ನಾವು ಅನುಕರಿಸಬೇಕಾದದ್ದೂ ಇದೆ, ಜರ್ಮನಿಯೇ ನಾಚಬೇಕಾದದ್ದೂ ಇದೆ. ನಾವು ಕೊಂಡಾಡುತ್ತಿರುವುದು ಎರಡನೆಯದನ್ನು.

ಮೊದಲು ಅನುಕರಣೀಯವಾದದ್ದನ್ನು ನೋಡೋಣ. 2005ರಲ್ಲಿ ಜಾರಿಗೆ ಬಂದ ವಲಸೆ ಕಾಯ್ದೆಯೊಡನೆ ಜರ್ಮನಿಯಲ್ಲಿ ‘ಇಂಟಿಗ್ರೇಷನ್ ಕೋರ್ಸ್’ ಆರಂಭವಾಯಿತು. ಅದರ ಇಂದಿನ ಸಾಮಾನ್ಯ ರೂಪದಲ್ಲಿ ಭಾಷೆಗೆ 600 ಪಾಠಗಳು; ದೇಶದ ಕಾನೂನು, ಇತಿಹಾಸ, ಸಮಾಜಗಳ ಪರಿಚಯಕ್ಕೆ ಇನ್ನೂ 100 ಪಾಠಗಳು. ವೆಚ್ಚದ ದೊಡ್ಡ ಪಾಲು ಸರಕಾರದ್ದು. ಇಷ್ಟು ಕಲಿಸಿದ ಮೇಲೆ ಪರೀಕ್ಷೆ. ನಾಗರಿಕತ್ವಕ್ಕಾಗಿ ಬರೆಯುವ ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ 33 ಪ್ರಶ್ನೆಗಳು. 17ಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. ಆ ಪ್ರಶ್ನೆಗಳು ಆಯ್ಕೆಯಾಗುವ ಪಟ್ಟಿಯನ್ನು ಮೊದಲೇ ಪ್ರಕಟಿಸಿರುತ್ತಾರೆ. ಅಭ್ಯರ್ಥಿ ಪಾಸಾಗಲಿ ಎಂಬುದೇ ಈ ವ್ಯವಸ್ಥೆಯ ಇಂಗಿತ. ಇದರಲ್ಲೂ ಸೀಟುಗಳ ಅಭಾವ, ಹಣದ ಕಡಿತ ಎಲ್ಲವೂ ಇವೆ. ಆದರೆ ಕ್ರಮ ಸರಿಯಾಗಿದೆ: ಮೊದಲು ಪಾಠ, ಅನಂತರ ಪರೀಕ್ಷೆ.

ದೇಶದ ಹೊಸ್ತಿಲಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. 2007ರ ತಿದ್ದುಪಡಿಯ ಪ್ರಕಾರ ಜರ್ಮನಿಯಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಬೇಕಾದವರು ಸಾಮಾನ್ಯವಾಗಿ ತಮ್ಮ ದೇಶದಲ್ಲಿದ್ದಾಗಲೇ ಎ1 ಹಂತದ ಜರ್ಮನ್ ಕಲಿತಿರಬೇಕು. ತಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಬೇಕು, ಅರ್ಜಿ ತುಂಬಬೇಕು, ಸುಮಾರು 30 ಪದಗಳ ಪತ್ರ ಬರೆಯಬೇಕು. ಬಲವಂತದ ಮದುವೆಗಳನ್ನು ತಡೆಯುವುದು ಇದರ ಒಂದು ಉದ್ದೇಶವೆಂದು ಆಗ ಸಮರ್ಥಿಸಲಾಯಿತು. ಹುಟ್ಟುಹಬ್ಬದ ಆಮಂತ್ರಣಕ್ಕೆ 30 ಪದಗಳಲ್ಲಿ ಉತ್ತರ ಬರೆದ ಮಾತ್ರಕ್ಕೆ ಮದುವೆ ಬಲವಂತದ್ದೋ ಅಲ್ಲವೋ ಹೇಗೆ ತಿಳಿಯುತ್ತದೆ?

ಯಾರಿಗೆ ವಿನಾಯಿತಿ ಇದೆಯೆಂದು ನೋಡಿದರೆ ನಿಜವಾದ ಉದ್ದೇಶ ತಿಳಿಯುತ್ತದೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳಂಥ ದೇಶಗಳ ಪ್ರಜೆಗಳ ಸಂಗಾತಿಗಳಿಗೆ ಈ ಪರೀಕ್ಷೆ ಇಲ್ಲ. ಬ್ಲೂ ಕಾರ್ಡ್ ಪಡೆದ ಎಂಜಿನಿಯರನ ಹೆಂಡತಿಗೂ ಇಲ್ಲ. ಅದೇ ಎಂಜಿನಿಯರು ಜರ್ಮನ್ ನಾಗರಿಕನಾದ ಮೇಲೆ ದಾವಣಗೆರೆಯ ಹುಡುಗಿಯನ್ನು ಮದುವೆಯಾದರೆ, ಸಾಮಾನ್ಯ ನಿಯಮದಂತೆ ಅವಳು ಪರೀಕ್ಷೆಗೆ ಕೂರಬೇಕು! ಭಾಷೆಯೇ ಮುಖ್ಯವಾಗಿದ್ದರೆ ಪಾಸ್‌ಪೋರ್ಟಿನ ಬಣ್ಣ, ಸಂಬಳದ ಚೀಟಿ ನೋಡಿ ವಿನಾಯಿತಿ ಕೊಡುತ್ತಿದ್ದರೇ? ಟರ್ಕಿಯ ಅನಕ್ಷರಸ್ಥ ಮಹಿಳೆಯೊಬ್ಬಳು ಎ1 ಪ್ರಮಾಣಪತ್ರ ತಂದರೂ, ಆಕೆ ವಾಕ್ಯಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದಾಳೆಂದು ವೀಸಾ ನಿರಾಕರಿಸಲಾಯಿತು. ಆ ಪ್ರಕರಣದಲ್ಲಿ 2014ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಟರ್ಕಿಯೊಂದಿಗಿನ ಹಳೆಯ ಒಪ್ಪಂದವನ್ನು ಆಧರಿಸಿ ಜರ್ಮನಿಯ ವಿರುದ್ಧ ತೀರ್ಪಿತ್ತಿತು. ಅಂಥ ಒಪ್ಪಂದವಿಲ್ಲದ ನಮ್ಮವರಿಗೆ ಆ ತೀರ್ಪಿನಿಂದ ಪ್ರಯೋಜನವಿಲ್ಲ.

ದಾದಿಯರ ಪ್ರಶ್ನೆ ಬೇರೆ. ರೋಗಿ ಎಲ್ಲಿ ನೋವೆಂದು ಹೇಳುತ್ತಿದ್ದಾನೆಂದು ಅರಿಯದ ದಾದಿಯಿಂದ ಅಪಾಯವೇ. ಅವರಿಗೆ ಸಾಮಾನ್ಯವಾಗಿ ಬಿ2 ಹಂತದ ಭಾಷೆ ಬೇಕೆನ್ನುವುದನ್ನು ನಾನು ವಿರೋಧಿಸುವುದಿಲ್ಲ. ಕೇಳಬೇಕಾದದ್ದು, ಆ ಭಾಷೆಯನ್ನು ಕಲಿಸುವ ಹೊಣೆ ಯಾರದು ಎಂದು. 2022ರಲ್ಲಿ ಭಾರತ, ಜರ್ಮನಿಗಳ ನಡುವೆ ವಲಸೆ ಒಪ್ಪಂದಕ್ಕೆ ಸಹಿ ಬಿತ್ತು. 2024ರಲ್ಲಿ ಭಾರತೀಯ ಕುಶಲ ಕೆಲಸಗಾರರ ವಾರ್ಷಿಕ ವೀಸಾ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಘೋಷಿಸಿತು. ಜನ ಬೇಕೆಂದು ಕರೆಯುತ್ತಿರುವವರು ಅವರು. ಕೇರಳದ ನೋರ್ಕಾ ಸಂಸ್ಥೆ 2021ರಲ್ಲಿ ಜರ್ಮನಿಯೊಂದಿಗೆ ಒಪ್ಪಂದ ಮಾಡಿಕೊಂಡು, ಆಯ್ಕೆಯಾದ ದಾದಿಯರಿಗೆ ಉಚಿತವಾಗಿ ಭಾಷೆ ಕಲಿಸುವ ದಾರಿ ಮಾಡಿತು. ಆ ದಾರಿ ಸಿಗದವರು ರಾತ್ರಿಪಾಳಿ ಮುಗಿಸಿ ತರಗತಿಗೆ ಓಡುತ್ತಾರೆ, ಸಾಲ ಮಾಡಿ ಶುಲ್ಕ ಕಟ್ಟುತ್ತಾರೆ. ನಪಾಸಾದರೆ ಮತ್ತೆ ಕಟ್ಟುತ್ತಾರೆ.

ಆ ಸಿದ್ಧತೆ ಎಂಥದೆಂದು ಚಪ್ಪಾಳೆ ತಟ್ಟುವವರು ಅರಿಯಬೇಕು. ನಮ್ಮ ಭಾಷೆಯಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಬಿ1 ಪರೀಕ್ಷೆಯಲ್ಲಿ ಓದು, ಆಲಿಕೆ, ಬರವಣಿಗೆ, ಮಾತು ಈ ನಾಲ್ಕರಲ್ಲೂ ಬೇರೆಬೇರೆಯಾಗಿ ನೂರಕ್ಕೆ 60 ಅಂಕ ಬರಬೇಕು. ಹಾಗೆಂದು ಕನ್ನಡಿಗರಿಗೆ ಜರ್ಮನ್ ಪೂರ್ತಿ ಅಪರಿಚಿತವೂ ಅಲ್ಲ. “ಅವನು ನಾಳೆ ಬರುತ್ತಾನೆ ಎಂದು ಗೊತ್ತು” ಎನ್ನುವಾಗ ನಮ್ಮ ಉಪವಾಕ್ಯದ ಕ್ರಿಯಾಪದ ಕೊನೆಗೆ ಬರುವಂತೆ ಜರ್ಮನ್‌ನಲ್ಲೂ ಬರುತ್ತದೆ. ಇಂಗ್ಲಿಷ್ ಎಂ.ಎ. ಮಾಡಿದವನಾಗಿ ಹೇಳುತ್ತೇನೆ, ಅಲ್ಲಿ ಎಡವುವುದು ಇಂಗ್ಲಿಷಿಗೆ ಒಗ್ಗಿದ ನಾಲಿಗೆ. ಆದರೆ ನಾನು ಕಂಡ ತರಗತಿಗಳಲ್ಲಿ ಹುಬ್ಬಳ್ಳಿಯ ಹುಡುಗಿ ಜರ್ಮನ್ ಕಲಿಯಬೇಕಾದದ್ದು ಇಂಗ್ಲಿಷಿನ ಮೂಲಕವೇ. ಅಂದರೆ ಅವಳು ಬರೆಯುತ್ತಿರುವುದು ಎರಡು ಪರೀಕ್ಷೆಗಳನ್ನು.

ಕಲಿಸದೆ ಪರೀಕ್ಷಿಸುವುದು ತಪ್ಪೆಂದು ಜರ್ಮನಿ ತನ್ನ ಕಾಯ್ದೆಯಲ್ಲೇ ಒಂದು ಬಗೆಯಲ್ಲಿ ಒಪ್ಪಿಕೊಂಡಿದೆ. 1961ರ ಒಪ್ಪಂದದ ಮೇರೆಗೆ ಟರ್ಕಿಯಿಂದ, ಅದಕ್ಕೂ ಮೊದಲು ಇಟಲಿಯಿಂದ ಬಂದ ‘ಅತಿಥಿ ಕಾರ್ಮಿಕರು’ ಗಣಿ, ಕಾರ್ಖಾನೆಗಳಲ್ಲಿ ದುಡಿದರು. ಹೇಗೂ ಮರಳುವವರೆಂದು ಬಗೆದು ಅವರಿಗೆ ಭಾಷೆ ಕಲಿಸುವ ಗೋಜಿಗೇ ಸರಕಾರ ಹೋಗಲಿಲ್ಲ. 2024ರ ನಾಗರಿಕತ್ವ ಕಾಯ್ದೆ ಆ ತಲೆಮಾರಿಗೆ ಲಿಖಿತ ಪರೀಕ್ಷೆಗಳಿಂದ ವಿನಾಯಿತಿ ಕೊಟ್ಟಿತು. ದಿನಬಳಕೆಯ ಮಾತು ಬಂದರೆ ಸಾಕೆಂದಿತು. ಈ ನ್ಯಾಯ ಅವರಿಗೆ ಸಿಕ್ಕಿದ್ದು ಮುಪ್ಪಿನಲ್ಲಿ.

ಕೇಂದ್ರ ಸರಕಾರದ ನೌಕರನಾದ ನನಗೆ ಇನ್ನೊಂದು ಹೋಲಿಕೆ ಎದುರಿಗೇ ಇದೆ. ಹಿಂದಿಯೇತರ ನೌಕರರಿಗೆ ಪ್ರಬೋಧ್, ಪ್ರವೀಣ್, ಪ್ರಾಜ್ಞ ಪರೀಕ್ಷೆಗಳಿವೆ. ಹಿಂದಿಯ ಹೇರಿಕೆಯ ಬಗ್ಗೆ ನನಗಿರುವ ಅಸಮಾಧಾನ ಬೇರೆ ಮಾತು. ಆದರೆ ಆ ಪಾಠ ನಡೆಯುವುದು ಕಚೇರಿಯ ವೇಳೆಯಲ್ಲಿ, ಶುಲ್ಕವಿಲ್ಲ, ನಿಗದಿತ ಹಂತ ಪಾಸಾದರೆ ಹನ್ನೆರಡು ತಿಂಗಳು ಒಂದು ಇನ್‌ಕ್ರಿಮೆಂಟಿನಷ್ಟು ವೈಯಕ್ತಿಕ ವೇತನವೂ ಉಂಟು. ನಪಾಸಾದವರ ಸಂಸಾರವನ್ನು ಯಾರೂ ಗಡಿಯಾಚೆ ನಿಲ್ಲಿಸುವುದಿಲ್ಲ. ಭಾಷೆ ಬೇಕೆನ್ನುವ ಸರಕಾರ ಕನಿಷ್ಠ ಇಷ್ಟು ಮಾಡಬೇಕು.

ಇನ್ನು ಬೆಂಗಳೂರಿನ ಪರೀಕ್ಷೆಯ ವಿಷಯ. ಬೆಂಗಳೂರು ಗಡಿಠಾಣೆಯಲ್ಲ. ದೇಶದ ಯಾವುದೇ ಭಾಗದಲ್ಲಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನಾವು ಮನೆ ಕಟ್ಟಿಕೊಂಡಿರುವುದು ಅದೇ ಹಕ್ಕಿನ ಮೇಲೆ. ನಾಳೆ ಈ ನಗರಗಳೂ ಮರಾಠಿ, ತಮಿಳು, ತೆಲುಗು ಪರೀಕ್ಷೆ ಇಟ್ಟರೆ ನಮ್ಮಲ್ಲಿ ಎಷ್ಟು ಮಂದಿ ನಾಲ್ಕು ಭಾಗಗಳಲ್ಲೂ 60 ಅಂಕ ಪಡೆದೇವು? ಇಪ್ಪತ್ತು ವರ್ಷ ಚೆನ್ನೈಯಲ್ಲಿದ್ದು ಬಸ್ಸಿನ ಫಲಕ ಓದಲು ಬಾರದವರೂ ಬೆಂಗಳೂರಿಗೆ ಬರುವವರಿಗೆ ಪರೀಕ್ಷೆ ಇಡಿ ಎನ್ನುತ್ತಿದ್ದಾರೆ.

ಬಂದವರು ಕನ್ನಡ ಕಲಿಯಬೇಡವೇ? ಖಂಡಿತ ಕಲಿಯಬೇಕು. ಆದರೆ ಕಲಿಸುವುದು ಆತಿಥೇಯನ ಕೆಲಸ. ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ಲರಿಗೆ ಕನ್ನಡ ಕಲಿಸಿದ್ದು ನಮ್ಮ ಊರುಗಳು, ನಮ್ಮ ಪಂಡಿತರು, ನಮ್ಮ ಜನ. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಾಲ್ಕು ದಶಕಗಳ ಆ ಕಲಿಕೆಗೆ ಯಾವ ಪರೀಕ್ಷೆಯೂ ಕಾರಣವಲ್ಲ. ಇಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಕೆಲವು ಸಂಘಗಳೂ ಕನ್ನಡೇತರರಿಗೆ ಕಿರು ತರಗತಿ ನಡೆಸುತ್ತವೆ, ಅವಕ್ಕೆ ವಂದನೆ. ಆದರೆ 600 ಪಾಠಗಳ ಎದುರು ಅವು ಎಷ್ಟರವು? ಜರ್ಮನಿಯನ್ನು ಉದಾಹರಿಸುವವರು ಕಾರ್ಖಾನೆಗಳಲ್ಲಿ, ಐ.ಟಿ. ಕಂಪನಿಗಳಲ್ಲಿ, ಕಟ್ಟಡ ಕಾರ್ಮಿಕರ ವಸತಿಗಳಲ್ಲಿ ಅಷ್ಟು ಕನ್ನಡ ಪಾಠಗಳು, ಕೆಲಸದ ವೇಳೆಯಲ್ಲೇ, ಉಚಿತವಾಗಿ ನಡೆಯಬೇಕೆಂದು ಮೊದಲು ಸರಕಾರವನ್ನು ಒತ್ತಾಯಿಸಲಿ. ಆ ಬೇಡಿಕೆಗೆ ನನ್ನ ಸಹಿ ಮೊದಲನೆಯದು. ಅಲ್ಲಿಯವರೆಗೆ ಪರೀಕ್ಷೆಯ ಮಾತು ಬೇಡ.