ಮಿಟುಕುವ ಕಣ್ಣು, ಗದರುವ ಹಿರಿಯರು

ಕೆಲವು ಮಕ್ಕಳು ಎಡೆಬಿಡದೆ ಕಣ್ಣು ಮಿಟುಕಿಸುವುದುಂಟು, ಹೆಗಲು ಕುಣಿಸುವುದುಂಟು. ಹಿರಿಯರು ಇದನ್ನು ಚೇಷ್ಟೆಯೆಂದು ಬಗೆದು ಗದರುವರು. ಆದರೆ 900 ವರ್ಷಗಳ ಹಿಂದೆಯೇ ಚೀನದ ಸಾಂಗ್ ಅರಸರ ಕಾಲದ ಬಾಲವೈದ್ಯ ಚಿಯೆನ್ ಯೀ ಇದನ್ನು ವ್ಯಾಧಿಯೆಂದೇ ಎಣಿಸಿದನು. ಯಕೃತ್ತಿನಲ್ಲೆದ್ದ ‘ಗಾಳಿ’ ತಲೆಗೂ ಕಣ್ಣಿಗೂ ಏರುವುದೇ ಇದಕ್ಕೆ ಕಾರಣವೆಂಬುದು ಆತನ ಮತ. ಆ ಗಾಳಿಯನ್ನಡಗಿಸಲು ಚೀನೀ ವೈದ್ಯರು ಇಂದಿಗೂ ಥಿಯೆನ್‌ಮಾ ಎಂಬ ಗೆಡ್ಡೆಯನ್ನೂ ಗೌಥೆಂಗ್ ಎಂಬ ಕೊಕ್ಕೆಮುಳ್ಳಿನ ಬಳ್ಳಿಯನ್ನೂ ಬಳಸುವರು.

ಇಂದಿನ ವೈದ್ಯವಿಜ್ಞಾನವು ಮೂಲವನ್ನು ಮಿದುಳಿನಲ್ಲಿ ಕಾಣುತ್ತದೆ. ಆದರೂ ಮೂಲಿಕೆಗಳನ್ನು ಪರೀಕ್ಷಿಸದೆ ತಳ್ಳಿಹಾಕಿಲ್ಲ. 2016ರಲ್ಲಿ ಪ್ರಕಟವಾದ ಚೀನದ ಪ್ರಯೋಗವೊಂದರಲ್ಲಿ 603 ಎಳೆಯರನ್ನು ಮೂರು ಗುಂಪು ಮಾಡಿ 8 ವಾರ ಮದ್ದು ನೀಡಲಾಯಿತು. ಮೂಲಿಕೆಯ ಮದ್ದು ಟಯಾಪ್ರೈಡ್ ಎಂಬ ಔಷಧಕ್ಕೆ ಸಮನಾದ ಗುಣ ತೋರಿತು; ಅಡ್ಡಪರಿಣಾಮವೂ ಕಡಮೆ. ಹುಸಿಮದ್ದು ಪಡೆದವರಲ್ಲೂ ಹಲವರು ಸುಧಾರಿಸಿದರು. ತಾನಾಗಿಯೇ ಏರಿಳಿಯುವುದು ಈ ವ್ಯಾಧಿಯ ಸ್ವಭಾವ. ಆದುದರಿಂದ ಒಂದೇ ಪ್ರಯೋಗದಿಂದ ತೀರ್ಪು ಸಲ್ಲದು.

ಪುರಾತನವೆಂದ ಮಾತ್ರಕ್ಕೆ ನಿರಪಾಯವೆಂದೂ ತಿಳಿಯಲಾಗದು. ಹಳೆಯ ಚೀನೀ ಶಿಶುಮದ್ದುಗಳಲ್ಲಿ ಪಾದರಸವುಳ್ಳ ಇಂಗಳೀಕವೂ ಸೇರುತ್ತಿತ್ತು. ತಾಯ್ತಂದೆಯರು ವೈದ್ಯರನ್ನು ವಿಚಾರಿಸದೆ ಯಾವ ಪುಡಿಯನ್ನೂ ಮಗುವಿಗೆ ನೀಡಬಾರದು. ಬಹುಪಾಲು ಮಕ್ಕಳಲ್ಲಿ ಹರೆಯ ಕಳೆಯುವಷ್ಟರಲ್ಲಿ ಇದು ತಗ್ಗುತ್ತದೆ. ಅಂಜಿಕೆ, ಆತಂಕಗಳಿಂದ ಹೆಚ್ಚುತ್ತದೆ. ಅದುವರೆಗೆ ಮಗುವನ್ನು ಗದರದಿರುವುದು ಮನೆಯವರೆಲ್ಲರ ಕರ್ತವ್ಯ.